ಚಿಗರಿಯ ರಕ್ತದಲ್ಲಿ ಕಂಡದ್ದು

ತಿಕೋಟಾದ ದುಂಡವ್ವ ಟಾಂಗಾ ಹೊಡೆಯಲು ಶುರುಮಾಡಿದ್ದು ಗಂಡ ಸಿದ್ದರಾಯ ಸತ್ತ ವರ್ಷ. ಆಗ ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡಿದ್ದಕ್ಕಿಂತ ದಾರಿಯಲ್ಲಿ ನಿಂತದ್ದೇ ಹೆಚ್ಚು. ಹೀಗಾಗಿ ವಿಜಾಪುರಕ್ಕೆ ಹೋಗುವವರೆಲ್ಲ ಟಾಂಗಾವನ್ನೇ ನಂಬಿದ್ದರು. ಸಿದ್ದರಾಯನ ದಿನಕರ್ಮ ಮುಗಿದ ಮೇಲೆ ಅವನ ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಕುಳಿತು ಕುದುರೆಯನ್ನೂ ಗಾಡಿಯನ್ನೂ ಯಾರಿಗೆ ಮಾರಬೇಕೆಂದು ಮಾತಾಡುತ್ತಿದ್ದರು. ದುಂಡವ್ವ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಹಿತ್ತಲಿಗೆ ಹೋಗಿ ಕುದುರೆಯನ್ನು ಗಾಡಿಗೆ ಹೂಡಿ, ಸೆರಗನ್ನು ಸೊಂಟಕ್ಕೆ ಬಿಗಿದು, ಅವರ ಮುಂದೆಯೇ ಲಗಾಮು ಹಿಡಿದು ಕುಳಿತಳು.

"ಏನ್ ಮಾಡಾಕತ್ತಿ ಬೇ?" ಎಂದ ಮೈದುನ.

"ಕಾಣಂಗಿಲ್ಲೇನು? ವಿಜಾಪುರಕ್ಕ ಹೊಂಟೇನಿ. ಬರವ್ರಿದ್ರ ಹತ್ತ್ರಿ."

ದುಂಡವ್ವ ನನ್ನ ಅಜ್ಜಿಯ ತಂಗಿ. ಅವರ ತವರು ಸಾರವಾಡದ ಕುರಿಗಾರರ ಮನೆ. ಕುರಿ ಹೊಡೆದುಕೊಂಡು ನದಿಯ ಕಡೆಗೆ ಹೋಗುವಾಗ ಹಾಸಿಗೆ, ಗಡಿಗೆ, ಎಳೆಮರಿ, ಎಳೆಗೂಸು ಎಲ್ಲವನ್ನೂ ತಟ್ಟು ಕುದುರೆಗಳ ಬೆನ್ನ ಮೇಲೆ ಹೇರುವ ಜನ ಅವರು. ನಡೆಯಲು ಕಲಿಯುವ ಮೊದಲೇ ದುಂಡವ್ವ ಕುದುರೆಯ ಬೆನ್ನ ಮೇಲೆ ಕುಳಿತಿದ್ದಳಂತೆ. ಹಾಗಾಗಿ ಲಗಾಮು ಹಿಡಿಯುವುದು ಆಕೆಗೆ ಹೊಸದಲ್ಲ. ಹೆಂಗಸೊಬ್ಬಳು ಟಾಂಗಾ ಹೊಡೆಯುವುದನ್ನು ನೋಡುವುದು ಮಾತ್ರ ಊರಿಗೆ ಹೊಸದು. ಮೊದಮೊದಲು ಗಂಡಸರು ಹತ್ತಲಿಲ್ಲ. ಬಸುರಿಯರು ಹತ್ತಿದರು. ಹೆರಿಗೆಗೆಂದು ವಿಜಾಪುರದ ಆಸ್ಪತ್ರೆಗೆ ಹೊರಟವರಿಗೆ, ದಾರಿಯಲ್ಲಿ ನೋವೆದ್ದರೆ ಗಾಡಿ ನಿಲ್ಲಿಸಿ ಕೈಹಿಡಿಯುವ ಟಾಂಗಾದವಳು ಇನ್ನೆಲ್ಲಿ ಸಿಗಬೇಕು?

ಆಕೆಯ ಕುದುರೆ ಕೆಂಪು ಬಣ್ಣದ ಹೆಣ್ಣುಕುದುರೆ. ಕಾಲು ಸಣ್ಣ, ಓಟ ಜಿಂಕೆಯದು. ಸಿದ್ದರಾಯ ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದ.

ಎರಡು ವರ್ಷ ಹೀಗೇ ನಡೆಯಿತು. ಆ ಸಲ ಮಳೆ ಚೆನ್ನಾಗಿ ಆಗಿ, ಹಳ್ಳದ ದಂಡೆಯಲ್ಲೆಲ್ಲ ಕುದುರೆನೊಣ ಎದ್ದಿದ್ದವು. ಕಚ್ಚಿದರೆ ರಕ್ತ ತೊಟ್ಟಿಕ್ಕಬೇಕು, ಅಂಥ ದೊಡ್ಡ ನೊಣ. ದಸರೆಯ ಹೊತ್ತಿಗೆ ಚಿಗರಿಗೆ ಜ್ವರ ಬಂತು. ಬಂದದ್ದು ತಾನೇ ಇಳಿಯಿತು. ಕೆಲವು ದಿನ ಬಿಟ್ಟು ಮತ್ತೆ ಬಂತು, ಮತ್ತೆ ಇಳಿಯಿತು. ಹುರುಳಿ, ಹುಲ್ಲು ಹಾಕಿದಷ್ಟೂ ತಿನ್ನುತ್ತಿತ್ತು, ಆದರೆ ಪಕ್ಕೆಯ ಎಲುಬುಗಳು ಎದ್ದು ಕಾಣತೊಡಗಿದವು. ಹೊಟ್ಟೆಯ ಕೆಳಗೆ ಬಾವು ಜೋತುಬಿತ್ತು. ಒಂದು ಮುಂಜಾನೆ ಏರು ಹತ್ತುವಾಗ ಹಿಂಗಾಲು ತಡವರಿಸಿತು. ದುಂಡವ್ವ ಕೂಡಲೇ ಗಾಡಿಯಿಂದ ಇಳಿದಳು. ಕೂತವರನ್ನೂ ಇಳಿಸಿದಳು. ಚಿಗರಿಯನ್ನು ಬಿಚ್ಚಿ, ನಡೆಸಿಕೊಂಡೇ ವಿಜಾಪುರದ ದನದ ದವಾಖಾನೆಗೆ ಹೋದಳು.

ಅಲ್ಲಿಗೆ ಹೊಸದಾಗಿ ಬಂದ ಡಾಕ್ಟರು ಶಿವಶರಣಪ್ಪ. ಬಬಲೇಶ್ವರದ ಹುಡುಗ, ಮುಂಬೈಯಲ್ಲಿ ಓದಿ ಬಂದಿದ್ದ. ಆತ ಚಿಗರಿಯ ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಒಳಗೆ ಹೋದ. ಹೊರಗೆ ಬಂದಾಗ ಅವನ ಮುಖ ಸಪ್ಪಗಾಗಿತ್ತು.

"ಸರ್ರಾ ಅದ, ಅಕ್ಕಾ. ನೊಣದಿಂದ ಬರೂ ಬ್ಯಾನಿ. ಒಂದು ಕುದುರಿ ಕಚ್ಚಿದ ನೊಣ ಇನ್ನೊಂದಕ್ಕ ಕಚ್ಚಿದ್ರ ಅದಕ್ಕೂ ಹತ್ತತದ. ಕಂಡಕೂಡ್ಲೆ ಮ್ಯಾಲಿನವ್ರಿಗೆ ತಿಳಸ್ಬೇಕು ಅಂತ ಹುಕುಂ ಅದ. ಅವ್ರು..."

"ಗುಂಡ ಹಾಕ್ತಾರ?"

"ಹೌದ್ರಿ."

ದುಂಡವ್ವ ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ತಿಳಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ, ನನ್ನ ಕುದುರಿ ತಿನ್ನಾಕತ್ತಿದ್ದು ಯಾವ್ದು ಅಂತ ನನಗ ತೋರಸ್ರಿ. ಕಣ್ಣಿಲೆ ನೋಡಲಾರದ್ದಕ್ಕ ನಾ ಕುದುರಿ ಕೊಡಂಗಿಲ್ಲ" ಎಂದಳು.

ಹಾಗೆ ಕೇಳಿದವರು ಅವನಿಗೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ. ಒಳಗೆ ಕರೆದು, ರಕ್ತದ ಹನಿಯನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನ ಮುಂದೆ ಕೂರಿಸಿದ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು ಮೊದಲು ಆಕೆಗೆ ಆಗಲಿಲ್ಲ. ತನ್ನ ರೆಪ್ಪೆಯ ಕೂದಲೇ ಕಾಣಿಸಿತು. ಆಮೇಲೆ ತಿಳಿಯಾಯಿತು. ಸಣ್ಣ ಸಣ್ಣ ದುಂಡನೆಯ ಬಿಲ್ಲೆಗಳು ತುಂಬಿದ್ದವು. ಅವುಗಳ ನಡುವೆ ನೂಲಿನ ತುಂಡಿನಂಥದ್ದೊಂದು ಒದ್ದಾಡುತ್ತ, ಬಿಲ್ಲೆಗಳನ್ನು ಗುದ್ದಿ ಸರಿಸುತ್ತ ಹೊರಟಿತ್ತು.

"ಇದಾ ಹುಳಾ?"

"ಹುಳ ಅಲ್ರಿ. ಹುಳಕ್ಕ ಬಾಯಿ, ಹೊಟ್ಟಿ ಬ್ಯಾರೆ ಬ್ಯಾರೆ ಇರ್ತಾವ. ಇದು ಬರೇ ಒಂದ ಜೀವಕಣ. ಅದ್ರಾಗ ಎಲ್ಲಾ ಅದ. ಒಂದ ಬಾಲ ಅದ, ಚಾಬೂಕದಂಗ. ಅದನ್ನ ಬೀಸಿಕೋತ ಈಜತದ."

"ಇದಕ್ಕ ಎರಡ ಬಾಲ ಅದಾವಲ್ಲ?"

ಶಿವಶರಣಪ್ಪ ತಾನೂ ನೋಡಿದ. ಹೌದು, ಒಂದಕ್ಕೆ ಎರಡು ಬಾಲ ಇದ್ದವು. ಅವನಿಗೆ ಹುರುಪು ಬಂತು. ಬಣ್ಣ ಹಾಕಿ ಒಣಗಿಸಿದ ಇನ್ನೊಂದು ಗಾಜನ್ನು ಇಟ್ಟು ತೋರಿಸಿದ. ಅದರಲ್ಲಿ ನೂಲುಗಳು ಸತ್ತು ಬಿದ್ದಿದ್ದವು. ನೀಲಿ ಮೈ, ನಡುವೆ ಒಂದು ದೊಡ್ಡ ಕೆಂಪು ಚುಕ್ಕೆ, ಬಾಲದ ಬುಡದಲ್ಲಿ ಒಂದು ಸಣ್ಣ ಚುಕ್ಕೆ. ಕೆಲವಕ್ಕೆ ಸಣ್ಣ ಚುಕ್ಕೆ ಮಾತ್ರ ಎರಡಾಗಿತ್ತು. ಕೆಲವಕ್ಕೆ ಬಾಲವೂ ಎರಡು. ಕೆಲವಕ್ಕೆ ದೊಡ್ಡ ಚುಕ್ಕೆಯೂ ಎರಡು. ಒಂದಂತೂ ಮುಂದಿನಿಂದ ಸೀಳುತ್ತ ಬಂದು ಹಿಂದಿನ ತುದಿಯಲ್ಲಿ ಮಾತ್ರ ಅಂಟಿಕೊಂಡಿತ್ತು.

"ಗಂಡಿಲ್ಲ, ಹೆಣ್ಣಿಲ್ಲ. ತನ್ನ ಮೈ ತಾನ ಉದ್ದಕ ಸೀಳಿಕೊಂಡು ಒಂದು ಎರಡಾಗ್ತದ. ಆದ್ರ ಮನಸ್ಸಿಗೆ ಬಂದಂಗ ಅಲ್ಲ. ಮೊದಲ ಬುಡದ ಚುಕ್ಕಿ ಎರಡಾಗಬೇಕು, ಹೊಸಾ ಬಾಲ ಬೆಳೀಬೇಕು, ಆಮ್ಯಾಲೆ ನಡುವಿನ ಚುಕ್ಕಿ. ಇಷ್ಟೂ ಆದ ಮ್ಯಾಲೇನ ಮೈ ಸೀಳೂದು" ಎಂದ.

"ಅಣ್ಣತಮ್ಮರು ಬ್ಯಾರೆ ಆದಂಗ. ಮೊದಲ ಒಲಿ ಎರಡಾಗ್ತಾವ, ಆಮ್ಯಾಲೆ ಗ್ವಾಡಿ ಏಳ್ತೈತಿ."

ಶಿವಶರಣಪ್ಪನಿಗೆ ನಗು ಬಂತು. "ಹಂಗ ಅನ್ರಿ ಬೇಕಾದ್ರ."

"ಮತ್ತ ಅದಕ್ಕ ಯಾರ್ ಹೇಳ್ತಾರ, ಇದು ಮೊದಲ, ಅದು ಆಮ್ಯಾಲೆ ಅಂತ? ತಲಿ ಇಲ್ಲ, ಬುದ್ಧಿ ಇಲ್ಲ."

"ಅದು ಯಾರಿಗೂ ಗೊತ್ತಿಲ್ಲ, ಅಕ್ಕಾ. ಓದಿದ ಪುಸ್ತಕದಾಗೂ ಇಲ್ಲ."

ದುಂಡವ್ವ ದುರ್ಬೀನಿನಿಂದ ಮುಖ ಎತ್ತಿದಳು. "ಆ ಸರತಿ ಕೆಡಿಸಿದ್ರ ಸಾಯ್ತೈತೇನ್ರಿ?"

ಹಾಗೆ ಕೆಡಿಸುವ ಔಷಧ ಒಂದಿತ್ತು. ಅದನ್ನು ಮೊದಲು ಜರ್ಮನಿಯವರು ಕಂಡುಹಿಡಿದಿದ್ದರು, ಈಗ ಇಂಗ್ರೇಜರೂ ಮಾಡುತ್ತಿದ್ದರು. ಕಣ ಸೀಳುವುದನ್ನೇ ಅದು ತಡೆಯುತ್ತದೆಂದು ಶಿವಶರಣಪ್ಪ ಓದಿದ್ದ, ನೋಡಿರಲಿಲ್ಲ. ಯುದ್ಧದ ಕಾಲದಲ್ಲಿ ಅದು ಬರುತ್ತಿದ್ದುದು ಪಲ್ಟನ್ನಿನ ಕುದುರೆಗಳಿಗೆ ಮಾತ್ರ. ಟಾಂಗಾದ ಕುದುರೆಗೆ ಗುಂಡೇ ಔಷಧ.

ಶಿವಶರಣಪ್ಪ ಮೇಲಿನವರಿಗೆ ಕಾಗದ ಬರೆದ; ಹುಕುಂ ಬರುವವರೆಗೆಂದು ದುಂಡವ್ವ ಚಿಗರಿಯನ್ನು ತಿಕೋಟಾಕ್ಕೆ ಕರೆತಂದಳು. ಊರಾಚೆ ಹಳೆಯ ಕಾಲದ ಕಲ್ಲಿನ ಕಮಾನುಕೋಣೆಯೊಂದು ಪಾಳುಬಿದ್ದಿತ್ತು. ಒಳಗೆ ಹಗಲಲ್ಲೂ ಕತ್ತಲು. ಕತ್ತಲಿಗೂ ಹೊಗೆಗೂ ಆ ನೊಣ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದ. ಚಿಗರಿಯನ್ನು ಅಲ್ಲಿ ಕಟ್ಟಿ, ಕಮಾನಿನ ಬಾಯಿಗೆ ಗೋಣಿಚೀಲದ ಪರದೆ ಇಳಿಬಿಟ್ಟು, ಬೇವಿನ ಸೊಪ್ಪು ಮತ್ತು ಕುಳ್ಳಿನ ಹೊಗೆ ಹಾಕಿದಳು. ತಾನೂ ಅಲ್ಲೇ ಇದ್ದಳು. ಹೊಗೆಗೆ ಆಕೆಯ ಕಣ್ಣು ಕೆಂಡದಂತಾಗಿದ್ದವೆಂದು ನನ್ನ ಅಜ್ಜಿ ಹೇಳುತ್ತಿದ್ದಳು.

ವಾರ ಕಳೆಯುವಷ್ಟರಲ್ಲಿ ಪೊಲೀಸ ಅಮೀನಸಾಬ ಬಂದೂಕು ಹೊತ್ತು ಬಂದ. ಅವನಿಗೂ ಈ ಕೆಲಸ ಬೇಡವಾಗಿತ್ತು. ಕಮಾನಿನ ಹೊರಗೆ ನಿಂತು ಹುಕುಂ ಓದಿದ: ತಿಕೋಟಾದ ಸಿದ್ದರಾಯನ ಕೆಂಪು ಹೆಣ್ಣುಕುದುರೆಯನ್ನು ಗುಂಡಿಕ್ಕಿ ಕೊಲ್ಲತಕ್ಕದ್ದು.

"ಸಿದ್ದರಾಯ ಸತ್ತು ಎರಡು ವರ್ಷಾತು. ಅವನ ಕುದುರಿ ಇಲ್ಲೆಲ್ಲಿ ಬರಬೇಕು? ಇದು ದುಂಡವ್ವನ ಕುದುರಿ" ಎಂದಳು ದುಂಡವ್ವ.

"ಯವ್ವಾ, ಕುದುರಿ ಅದ ಐತಲ್ಲ..."

"ಕುದುರಿ ಅದ. ಹೆಸರು ಅದಲ್ಲ. ದುಂಡವ್ವನ ಹೆಸರಿಲೆ ಹುಕುಂ ತಗೊಂಡು ಬಾ. ಬಂದ್ರೂ ನಾ ಇಲ್ಲೇ ನಿಂತಿರ್ತೀನಿ. ಬಂದೂಕದ ಬಾಯಿ ಮೊದಲ ನನ್ನ ಕಡಿ ಮಾಡಬೇಕಾಗತೈತಿ, ನೆಪ್ಪಿಟ್ಟುಕೋ."

ಅಮೀನಸಾಬ ಬಂದೂಕನ್ನು ಹೆಗಲಿಗೇರಿಸಿ, ಒಂದು ತಂಬಿಗೆ ನೀರು ಕುಡಿದು ವಾಪಸು ಹೋದ. ಬೇಗ ಬರಬೇಕೆಂಬ ಆಸೆ ಅವನಿಗೇನೂ ಇರಲಿಲ್ಲ.

ಸಿಕ್ಕ ಆ ದಿನಗಳಲ್ಲಿ ದುಂಡವ್ವ ಸುಮ್ಮನೆ ಕೂರಲಿಲ್ಲ. ಚಿಗರಿಯ ಹತ್ತಿರ ಮೈದುನನನ್ನು ಬಿಟ್ಟು, ನಡೆದುಕೊಂಡೇ ವಿಜಾಪುರಕ್ಕೆ ಹೋದಳು. ಸಿದ್ಧೇಶ್ವರ ಗುಡಿಯ ಹತ್ತಿರ ಟಾಂಗಾದವರ ಅಡ್ಡೆ ಇತ್ತು. ಆಕೆಯನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಅವರ ಹಿರಿಯ ಮಲಕಾಜಪ್ಪ. ಅವನ ಬಿಳಿ ಕುದುರೆ ಊರಿಗೇ ಹೆಸರಾದದ್ದು, ಮದುವೆಯ ಮೆರವಣಿಗೆ ಎಂದರೆ ಅದೇ ಬೇಕು.

"ಅಲ್ಲೇ ನಿಂದ್ರು. ಬ್ಯಾನಿ ಕುದುರಿ ಮುಟ್ಟಿ ಬಂದೀದಿ. ನಿನ್ನ ಒಂದು ಕುದುರಿ ಸಲುವಾಗಿ ನಮ್ಮ ಎಲ್ಲಾರ ಕುದುರಿ ಸಾಯಬೇಕೇನು? ಹುಕುಂ ಬಂದಂಗ ಮಾಡಿ ಮುಗಸು" ಎಂದ ಮಲಕಾಜಪ್ಪ.

ಅವನ ಮಾತು ಸುಳ್ಳಲ್ಲವೆಂದು ದುಂಡವ್ವನಿಗೂ ಗೊತ್ತಿತ್ತು. "ನಿನ್ನ ಅಂಜಿಕಿ ಖರೇ ಐತಿ, ಮಲಕಾಜಪ್ಪಣ್ಣ. ಅದಕ್ಕ ನನ್ನ ಕುದುರಿ ಕತ್ತಲ್ಯಾಗ ಕಟ್ಟೀನಿ, ಒಂದ ನೊಣ ಸೈತ ಬಿಟ್ಟಿಲ್ಲ. ನೀವು ನಿಮ್ಮವು ಬಿಸಲಾಗ ಕಟ್ಟೀರಿ. ಚಿಗರಿ ಮಳಿಗಾಲ ಪೂರಾ ಇಲ್ಲೇ, ಇದ ಅಡ್ಡೆದಾಗ ನಿಂತಿತ್ತು. ನಿಮ್ಮ ಕುದುರಿಗಿ ಇಲ್ಲಂತ ಯಾರ್ ಹೇಳಿದ್ರು? ಡಾಕ್ಟರ ಕಡಿ ಹೋಗ್ರಿ. ಕಿವಿ ಚುಚ್ಚಸ್ರಿ. ಒಂದಕ್ಕೂ ಇಲ್ಲಂದ್ರ ನಾನ ಚಿಗರೀನ ಇಲ್ಲಿಗೆ ತಂದು ನಿಲ್ಲಸ್ತೀನಿ, ಗುಂಡ ಹಾಕ್ರಿ" ಎಂದಳು.

ಒಬ್ಬರೂ ಕುದುರೆ ಬಿಚ್ಚಲಿಲ್ಲ. ಪರೀಕ್ಷೆ ಮಾಡಿಸದಿದ್ದರೆ ರೋಗವಿಲ್ಲ ಎಂದೇ ಅರ್ಥ. ಮಾಡಿಸಿದರೆ ಏನು ಕಾಣುವುದೋ ಯಾರಿಗೆ ಗೊತ್ತು? ಕೊನೆಗೆ ಕಾಸಿಮಸಾಬ ಎಂಬ ಮುದುಕ ತನ್ನ ಕಪ್ಪು ಕುದುರೆಯ ಲಗಾಮು ಹಿಡಿದು ಎದ್ದ. ಸಿದ್ದರಾಯನ ಗೆಳೆಯ ಅವನು. "ನಡಿ ಮಗಳ. ಇದ್ದದ್ದು ಇರ್ತೈತಿ, ನೋಡದಿದ್ರ ಹೋಗ್ತೈತೇನು?"

ಕಾಸಿಮಸಾಬನ ಕುದುರೆಯ ರಕ್ತದಲ್ಲಿ ನೂಲುಗಳು ಸಿಕ್ಕವು. ಜ್ವರ ಇಳಿದ ಹೊತ್ತಿನಲ್ಲಿ ಅವು ಕಡಿಮೆಯಾಗಿ ಅಡಗಿರುತ್ತವೆ, ಮತ್ತೆ ಸೀಳಿ ಸೀಳಿ ಹೆಚ್ಚಾದಾಗ ಜ್ವರ ಏರುತ್ತದೆ. ಹೊರಗೆ ಚೆನ್ನಾಗಿ ಕಾಣುವ ಕುದುರೆಯ ಒಳಗೂ ಅವು ಇರಬಹುದೆಂದು ಶಿವಶರಣಪ್ಪ ಹೇಳಿದ. ಆ ಸುದ್ದಿ ಅಡ್ಡೆಗೆ ಮುಟ್ಟಿದ ಮೇಲೆ ಒಬ್ಬೊಬ್ಬರೇ ಬಂದರು. ಐದಾರು ಕುದುರೆಗಳಿಗೆ ರೋಗವಿತ್ತು. ಮಲಕಾಜಪ್ಪನ ಬಿಳಿ ಕುದುರೆಗೂ ಇತ್ತು.

ಮಲಕಾಜಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತ. ಕೆಲವರು ದುಂಡವ್ವನ ಮೇಲೇ ತಿರುಗಿಬಿದ್ದರು. "ನಮ್ಮ ಅನ್ನಕ್ಕ ಮಣ್ಣ ಹಾಕಿದಿ" ಎಂದು ಒಬ್ಬ ಕೈ ಎತ್ತಿಕೊಂಡು ಬಂದ.

ಕಾಸಿಮಸಾಬ ಅಡ್ಡ ನಿಂತ. "ಬ್ಯಾನಿ ಆಕಿ ತಂದಿಲ್ಲೋ. ಇದ್ದದ್ದನ್ನ ತೋರಿಸ್ಯಾಳ. ನಿನ್ನ ಕುದುರಿ ಮುಂದಿನ ತಿಂಗಳ ದಾರ್ಯಾಗ ಬಿದ್ದು ಸತ್ತಿದ್ರ ಯಾರನ್ನ ಬೈತಿದ್ದಿ?"

ದುಂಡವ್ವ ಕೈ ಎತ್ತಿದವನ ಮುಂದೆಯೇ ಹೋಗಿ ನಿಂತಳು. "ಹೊಡೀತಿಯೇನು? ಹೊಡಿ. ಆಮ್ಯಾಲೆ ನಿನ್ನ ಕುದುರಿಗಿ ಗುಂಡ ಹಾಕಾಕ ಬರ್ತಾರಲ್ಲ, ಅವ್ರ ಮುಂದ ಇದ ಕೈ ಎತ್ತು, ನೋಡೂಣು."

ಆ ಕೈ ಕೆಳಗಿಳಿಯಿತು. ಮೆಟ್ಟಿಲ ಮೇಲಿದ್ದ ಮಲಕಾಜಪ್ಪ ತಲೆ ಎತ್ತಿ, "ಏನ್ ಮಾಡೂಣಂತಿ, ಹೇಳು" ಎಂದ.

ಗುಂಡಿನ ಬದಲು ಔಷಧ ಕೊಡುವವರೆಗೆ ಗಾಡಿ ಹೂಡಬಾರದೆಂದು ಮಾತಾಯಿತು. ಮರುದಿನ ಮುಂಜಾನೆಯಿಂದ ವಿಜಾಪುರದಲ್ಲಿ ಒಂದು ಟಾಂಗಾವೂ ಓಡಲಿಲ್ಲ. ಸ್ಟೇಶನ್ನಿಗೆ ಬಂದಿಳಿದವರು ಟ್ರಂಕು ಹೊತ್ತು ನಡೆದರು. ಕಚೇರಿಯ ಸಾಹೇಬರು ನಡೆದರು, ವಕೀಲರು ನಡೆದರು. ಕುದುರೆಗಳನ್ನು ಗುಂಡಿಟ್ಟು ಕೊಲ್ಲುವ ಹುಕುಂ ಹೊರಡಿಸಿದ ಮೇಲಧಿಕಾರಿಯ ಮನೆಯವರೂ ಬಿಸಿಲಲ್ಲಿ ಕೊಡೆ ಹಿಡಿದು ನಡೆದರು. ಆಸ್ಪತ್ರೆಗೆ ಹೋಗುವವರನ್ನು ಮಾತ್ರ ರೋಗವಿಲ್ಲದ ಎರಡು ಕುದುರೆಗಳ ಟಾಂಗಾ ಒಯ್ಯುತ್ತಿದ್ದವು. ಅದು ದುಂಡವ್ವ ಹಾಕಿದ ಕರಾರು. ಮೇಲಧಿಕಾರಿ ಆಕೆಯನ್ನು ಕರೆಸಿ, ಟಾಂಗಾದವರ ತಲೆ ಕೆಡಿಸಿದ್ದಕ್ಕೆ ಜೇಲಿಗೆ ಹಾಕುವುದಾಗಿ ಗದರಿಸಿದ.

"ಹಾಕ್ರಿ ಸಾಹೇಬರ. ನಾ ಹೋಗೂ ಮುಂದೂ ನಡಕೋತನ ಹೋಗ್ತೀನಿ. ನೀವು ಕೀಲಿ ಹಾಕಾಕ ಬರೂ ಮುಂದೂ ನಡಕೋತನ ಬರಬೇಕಾಗ್ತೈತಿ, ಟಾಂಗಾ ಇಲ್ಲ" ಎಂದಳು ದುಂಡವ್ವ.

ಶಿವಶರಣಪ್ಪ ಅದೇ ದಿನ ಮೇಲಧಿಕಾರಿಯನ್ನು ಕೇಳದೆಯೇ ಮುಂಬೈಗೆ ತಾರು ಕಳಿಸಿದ. ಇಷ್ಟು ಕುದುರೆಗಳನ್ನು ಕೊಂದರೆ ಊರಿನ ಓಡಾಟವೇ ನಿಲ್ಲುತ್ತದೆ, ಔಷಧ ಕೊಟ್ಟರೆ ಎಲ್ಲವೂ ಉಳಿದಾವು ಎಂದು ಬರೆದಿದ್ದ. ಕೆಲಸ ಹೋಗುತ್ತದೆಂದು ಎರಡು ದಿನ ಅವನಿಗೆ ಊಟ ಸೇರಲಿಲ್ಲವಂತೆ. ಕೆಲಸ ಹೋಗಲಿಲ್ಲ. ಔಷಧ ಬಂತು.

ಮೊದಲ ಸೂಜಿ ಚಿಗರಿಗೆ. ತಿಕೋಟಾದ ಆ ಕಮಾನಿನ ಬಾಯಲ್ಲಿ, ಕತ್ತಿನ ದೊಡ್ಡ ನರಕ್ಕೆ ನಿಧಾನವಾಗಿ ಔಷಧ ಹೋಯಿತು. ಮರುದಿನ ಡಾಕ್ಟರು ಮತ್ತೆ ರಕ್ತ ತೆಗೆದ. ದವಾಖಾನೆಗೆ ಹೋಗಿ ನೋಡಿದವನು, ಸೈಕಲ್ ಹತ್ತಿ ದುರ್ಬೀನನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ತಿಕೋಟಾಕ್ಕೆ ಬಂದ. ಬೆವರಿನಲ್ಲಿ ತೊಯ್ದುಹೋಗಿದ್ದ.

"ಅಕ್ಕಾ, ನೋಡ್ರಿ ಇಲ್ಲೆ!"

ದುಂಡವ್ವ ನೋಡಿದಳು. ನೂಲುಗಳು ಈಗ ನೂಲಿನಂತಿರಲಿಲ್ಲ. ಉಬ್ಬಿ, ಸೊಟ್ಟಗಾಗಿ, ಗಂಟುಗಂಟಾಗಿದ್ದವು. ಒಂದೊಂದರೊಳಗೆ ನಾಲ್ಕೈದು ಕೆಂಪು ಚುಕ್ಕೆಗಳು, ಸುತ್ತ ಸಿಕ್ಕುಬಿದ್ದ ಬಾಲಗಳು. ಒಳಗಿನದೆಲ್ಲ ಎರಡಾಗಿ ನಾಲ್ಕಾಗಿತ್ತು, ಮೈ ಮಾತ್ರ ಸೀಳಿರಲಿಲ್ಲ.

"ಒಲಿ ಮ್ಯಾಲ ಒಲಿ ಹೂಡ್ಯಾವ. ಗ್ವಾಡಿ ಏಳವಲ್ದು" ಎಂದಳು. ಆ ತಿಂಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲು.

ಆದರೆ ಔಷಧ ಸುಮ್ಮನೆ ಬಿಡಲಿಲ್ಲ. ಕೆಲವು ದಿನಗಳಲ್ಲಿ ಚಿಗರಿಯ ಬಾಯಿ ಹುಣ್ಣಾಯಿತು, ಗೊರಸು ಕಾದು ನಿಲ್ಲಲಾಗದೆ ಮಲಗಿಬಿಟ್ಟಿತು. ಮೈದುನ, "ಇದಕ್ಕಿಂತ ಗುಂಡ ಚಲೋ ಇತ್ತು" ಎಂದ. ದುಂಡವ್ವ ಬಾವಿಯಿಂದ ನೀರು ಸೇದಿ ತಂದಳು. ಗೊರಸಿಗೆ ತಣ್ಣನೆಯ ಕೆಸರು ಮೆತ್ತಿದಳು, ಹುರುಳಿಯನ್ನು ಬೇಯಿಸಿ ನುಣ್ಣಗೆ ಹಿಸುಕಿ ಕೈಯಿಂದ ತಿನ್ನಿಸಿದಳು. ಮಲಗಿದಲ್ಲೇ ಇದ್ದರೆ ಮೈ ಹುಣ್ಣಾಗುತ್ತದೆಂದು ಓಣಿಯ ಹೆಂಗಸರನ್ನು ಕರೆದಳು, ಎಲ್ಲರೂ ಸೇರಿ ಮಗ್ಗುಲು ಬದಲಿಸಿದರು. ಆಕೆಯ ಟಾಂಗಾದಲ್ಲಿ ಹೋಗಿ ಹೆತ್ತುಬಂದವರೇ ಅವರಲ್ಲಿ ಹೆಚ್ಚು. ಎರಡನೆಯ ಸೂಜಿಯ ಹೊತ್ತಿಗೆ ಚಿಗರಿ ಎದ್ದು ನಿಂತಿತ್ತು. ಸಂಕ್ರಾಂತಿ ಕಳೆದು ರಕ್ತ ನೋಡಿದಾಗ ನೂಲಿನ ಗುರುತೇ ಇರಲಿಲ್ಲ. ಆಮೇಲೆಯೂ ಅದು ಮರಳಿ ಬರಲಿಲ್ಲ.

ಕಾಸಿಮಸಾಬನ ಕುದುರೆ ಉಳಿಯಿತು. ಉಳಿದವೂ ಉಳಿದವು. ಮಲಕಾಜಪ್ಪನ ಬಿಳಿ ಕುದುರೆ ಉಳಿಯಲಿಲ್ಲ. ಅದರ ರೋಗ ಬೆನ್ನುಹುರಿಗೆ ಏರಿತ್ತು, ಅಲ್ಲಿಗೆ ಔಷಧ ಮುಟ್ಟುವುದಿಲ್ಲ ಎಂದ ಡಾಕ್ಟರು. ದುಂಡವ್ವ ಮಲಕಾಜಪ್ಪನ ಮನೆಗೆ ಹೋದಳು. ಖಾಲಿ ಗೋದಲಿಯ ಪಕ್ಕ ಇಬ್ಬರೂ ಬಹಳ ಹೊತ್ತು ಕುಳಿತಿದ್ದರು.

ಮೇಲಧಿಕಾರಿ ಸೋತದ್ದನ್ನು ಮರೆಯಲಿಲ್ಲ. ಚಿಗರಿ ಮತ್ತೆ ಗಾಡಿಗೆ ಹೂಡುವಂತಾದಾಗ, ದುಂಡವ್ವನ ಟಾಂಗಾಕ್ಕೆ ಲೈಸನ್ಸ್ ಇಲ್ಲವೆಂದು ತಿಳಿಸಿದರು. ಇದ್ದ ಲೈಸನ್ಸ್ ಸಿದ್ದರಾಯನ ಹೆಸರಿನದು. ಸಿದ್ದರಾಯ ಸತ್ತಿದ್ದಾನೆ, ಕುದುರೆ ತನ್ನದೆಂದು ಅವಳೇ ಪೊಲೀಸನ ಮುಂದೆ ಹೇಳಿದ್ದಾಳೆ. ಹೆಂಗಸಿನ ಹೆಸರಿಗೆ ಲೈಸನ್ಸ್ ಕೊಟ್ಟ ರೂಢಿ ಇಲ್ಲ. ಮೈದುನನ ಹೆಸರಿಗೆ ಮಾಡಿಸಿದರೆ ಕೊಡಬಹುದು.

"ಮಾಡಸ್ವಾ, ಹೆಸರಿನಾಗ ಏನೈತಿ?" ಎಂದ ಮೈದುನ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಕಮಾನದಾಗ ಕುಂತು ಹೊಗಿ ಕುಡಿದಾಕಿ ನಾನು. ಹೆಸರು ನಿಂದ್ಯಾಕ?" ಎಂದಳು ದುಂಡವ್ವ.

ಲೈಸನ್ಸ್ ಇಲ್ಲದೆಯೇ ಆಕೆ ತಿಕೋಟಾ, ಬಬಲೇಶ್ವರ, ಸಾರವಾಡದ ನಡುವೆ ಗಾಡಿ ಹೊಡೆದಳು. ಹಳ್ಳಿದಾರಿಯಲ್ಲಿ ಕೇಳುವವರಿರಲಿಲ್ಲ. ವಿಜಾಪುರದ ಹೊರಗಿನ ನಾಕಾ ಚೌಕಿಯಲ್ಲಿ ಮಾತ್ರ ಅಡ್ಡಮರ ಇಳಿಸಿ ತಡೆಯುತ್ತಿದ್ದರು. ಕೂತವರು ಅಲ್ಲಿ ಇಳಿದು ಬೇರೆ ಟಾಂಗಾ ಹತ್ತಬೇಕಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಆಕೆ ಮತ್ತೆ ಲೈಸನ್ಸ್ ಕೇಳಿದಳು. ನೋಡೋಣ ಎಂದರು.

ಮರುವರ್ಷದ ಬೇಸಿಗೆಯಲ್ಲಿ, ಬಬಲೇಶ್ವರದ ಕಡೆಯ ಹುಚ್ಚವ್ವ ಎಂಬ ಚೊಚ್ಚಲ ಬಸುರಿಗೆ ಕೂಸು ಅಡ್ಡ ನಿಂತಿತ್ತು. ದುಂಡವ್ವ ಆಕೆಯನ್ನೂ ಆಕೆಯ ತಾಯಿಯನ್ನೂ ಕೂರಿಸಿಕೊಂಡು ಬಂದಳು. ನಾಕಾದವನು ರೂಢಿಯಂತೆ ಅಡ್ಡಮರ ಇಳಿಸಿದ. ಹತ್ತಿರದಲ್ಲಿ ಬೇರೆ ಟಾಂಗಾ ಇರಲಿಲ್ಲ.

"ತಗಿ."

"ಲೈಸನ್ಸ್ ತೋರಸು, ತಗೀತೀನಿ."

ದುಂಡವ್ವ ಗಾಡಿಯಿಂದ ಇಳಿದಳು. ಅಡ್ಡಮರದ ತುದಿಗೆ ಕಟ್ಟಿದ್ದ ಹಗ್ಗ ಬಿಚ್ಚಿ, ಮರವನ್ನು ಎರಡೂ ಕೈಯಿಂದ ಎತ್ತಿ ಪಕ್ಕದ ಗಟಾರಿಗೆ ತಳ್ಳಿದಳು. ನಾಕಾದವನು ಬರೆಯುವ ಪುಸ್ತಕ ಕೈಗೆತ್ತಿಕೊಂಡ.

"ಬರಕೋ. ದುಂಡವ್ವ ಸಿದ್ದರಾಯ ಅಂತ ಬರೀಬ್ಯಾಡ. ಬರೇ ದುಂಡವ್ವ, ತಿಕೋಟಾ" ಎಂದು ಹೇಳಿ, ಚಿಗರಿಯನ್ನು ಊರೊಳಗೆ ಓಡಿಸಿದಳು.

ಹುಚ್ಚವ್ವನಿಗೆ ಹೆಣ್ಣು ಹುಟ್ಟಿತು, ತಾಯಿಯೂ ಮಗುವೂ ಉಳಿದರು. ದುಂಡವ್ವನ ಮೇಲೆ ಕೇಸು ಆಯಿತು. ಮ್ಯಾಜಿಸ್ಟ್ರೇಟರು ದಂಡ ಹಾಕಿದರು. ಆಕೆ ಕಟ್ಟಲು ಒಪ್ಪದೆ ಒಂದು ದಿನ ಕಟಕಟೆಯ ಪಕ್ಕದ ಕೋಣೆಯಲ್ಲಿ ಕುಳಿತಳು. ಆ ದಿನ ಹೊರಗೆ ವಿಜಾಪುರದ ಟಾಂಗಾಗಳೆಲ್ಲ ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮುಂದೆ ಮಲಕಾಜಪ್ಪ, ಹೊಸದಾಗಿ ತಂದ ಬೂದು ಕುದುರೆಯ ಪಕ್ಕದಲ್ಲಿ.

ಆಕೆಯ ಹೆಸರಿನ ಲೈಸನ್ಸ್ ಬಿಲ್ಲೆ ಬಂದದ್ದು ಅದಾದ ಮುಂದಿನ ಚಳಿಗಾಲದಲ್ಲಿ. ಅಷ್ಟು ದಿನವೂ ಆಕೆ ನಾಕಾ ದಾಟಿ ಊರೊಳಗೆ ಹೋಗುತ್ತಲೇ ಇದ್ದಳು. ಆಕೆಯ ಗಾಡಿಗೆ ಅಡ್ಡಮರ ಮತ್ತೆ ಇಳಿದಿರಲಿಲ್ಲ.